ಕುದ್ರುವಿನಿಂದ ಬ್ರಾಂಚಿಗೆ

ಮೊದಲ ದಿನ ಸೆವ್ರಿನ್‌ಬಾಯಿ ಹುಟ್ಟು ಕೈಗೆ ಕೊಡಲೇ ಇಲ್ಲ.
ದೋಣಿ ಕಟ್ಟಿಯೇ ಇತ್ತು, ಕಾಂಡ್ಲದ ಬೇರಿಗೆ.
"ಕೂರು" ಅಂದಳು. ಕೂತೆ.
"ಇದು ಕೂರುವುದಾ ಮಾರಾಯ್ತಿ,
ಒದ್ದೆ ಗೋಣಿ ಇಟ್ಟ ಹಾಗೆ ಉಂಟು."

ಇಪ್ಪತ್ತಾರು ವರ್ಷ ಗೆರಸೆಯ ಮೇಲೆ ಬಗ್ಗಿದ ಬೆನ್ನು.
ದಿನಕ್ಕೆ ಎಂಟುನೂರು ಬೀಡಿ,
ಮದುವೆ ಗಿದುವೆ ಇದ್ದ ತಿಂಗಳು ಸಾವಿರ.
ಕುತ್ತಿಗೆಗೆ ಗೊತ್ತಿದ್ದದ್ದು ಒಂದೇ ದಿಕ್ಕು, ಮಡಿಲು.
ಕಡವಿನ ಅಂತೋನಿ ಮಗಳ ಮನೆ ಸೇರಿದ ಮೇಲೆ
ಕಲ್ಯಾಣಪುರದ ಬ್ರಾಂಚಿಗೆ ದಾಟಿಸುವವರಿಲ್ಲ;
ಅದಕ್ಕೇ ಈ ವಯಸ್ಸಲ್ಲಿ ಈ ವಿದ್ಯೆ.

ನನ್ನ ಸೊಂಟಕ್ಕೆ ಅಂಗೈ ಇಟ್ಟಳು,
ಬಂಗುಡೆ ವಾಸನೆಯ ಬಿಸಿ ಅಂಗೈ.
"ಇಲ್ಲಿಂದ ಬಗ್ಗು. ಇಲ್ಲಿಂದ.
ಬಾಗಿಲು ತಿರುಗುವುದು ಬಿಜಾಗರಿಯಲ್ಲಿ,
ಹಲಗೆ ಎಲ್ಲಾದರೂ ಮಡಚುತ್ತದಾ?"
ಹಿಮ್ಮಡಿಯನ್ನು ದೋಣಿಯ ಪಕ್ಕೆಲುಬಿಗೆ ಒತ್ತಿಸಿ
ಮೊಣಕಾಲು ಮಡಿಸಿ, ಗದ್ದ ಎತ್ತಿಸಿ,
ಹೆಗಲುಗಳನ್ನು ಕಿವಿಯ ಹತ್ತಿರದಿಂದ ಕೆಳಗಿಳಿಸಿದಳು,
ಅಟ್ಟದಿಂದ ಹಂಡೆ ಇಳಿಸಿದ ಹಾಗೆ, ಮೆಲ್ಲ.
ಎರಡನೇ ದಿನವೂ ಅಷ್ಟೇ.

ಮೂರನೇ ದಿನ ಹಗ್ಗ ಬಿಚ್ಚಿದಳು.
ತೋಳಲ್ಲಿ ಎಳೆದೆ.
ಒಂದು ಹುಟ್ಟು ಆಳಕ್ಕೆ ಸಿಕ್ಕಿ ಹಿಡಿ ಹೊಟ್ಟೆಗೆ ಗುದ್ದಿತು,
ಇನ್ನೊಂದು ನೀರನ್ನು ಬರೇ ಸವರಿ
ಸೆವ್ರಿನ್‌ಬಾಯಿಯ ಮುಖ ತೊಳೆಯಿತು.
ದೋಣಿ ಅಲ್ಲೇ ಗಿರಗಿರ.
ಮರುವಾಯಿ ಹೆಕ್ಕುವ ಹುಡುಗರು ದಡದಲ್ಲಿ ನಿಂತು
ಸುತ್ತು ಎಣಿಸಿದರು.
"ತೋಳು ಹಗ್ಗ. ಹಗ್ಗ ತಾನಾಗಿ ನೀರು ಸೇದಿದ್ದುಂಟಾ?
ಮೊದಲು ಕಾಲು ನೂಕಲಿ. ಆಮೇಲೆ ಬೆನ್ನು ಬರಲಿ.
ತೋಳಿನ ಸರದಿ ಕೊನೆಗೆ,
ಊಟಕ್ಕೆ ನೀನು ಕೂರುವ ಹಾಗೆ, ಎಲ್ಲರದೂ ಆದ ಮೇಲೆ."
ನನಗೆ ನಗು ಬರಲಿಲ್ಲ. ಅವಳಿಗೂ.

ಅಂಗೈಯಲ್ಲಿ ಬೊಕ್ಕೆ ಎದ್ದವು.
ಬೊಕ್ಕೆಯ ಬೆರಳಲ್ಲಿ ಎಲೆ ನಿಲ್ಲಲಿಲ್ಲ.
ಚೆಕ್ಕರ್ ವಾಮನ ನಾಲ್ಕು ಕಟ್ಟು ಬಿಚ್ಚಿ ಬಿಸಾಡಿದ,
"ಎಂತ, ನಿದ್ದೆಯಲ್ಲಿ ಸುತ್ತಿದ್ದಾ?"
ಸಿಟ್ಟೆಲ್ಲ ಹುಟ್ಟಿನ ಮೇಲೆ.
ಇನ್ನೂ ಬಿಗಿಯಾಗಿ ಹಿಡಿದೆ.

"ಬೀಡಿ ಎಲೆಯನ್ನು ಎಷ್ಟು ಹಿಡಿಯುತ್ತಿ?"
ಹರಿಯದಷ್ಟು. ಬಿಚ್ಚದಷ್ಟು.
"ಮತ್ತೆ ನನ್ನ ಹತ್ತಿರ ಎಂತ ಕಲಿಯಲಿಕ್ಕೆ ಬಂದದ್ದು?"

ಆ ಸಂಜೆ ಇಳಿತ.
ಬೆರಳು ಸಡಿಲಿತು.
ಅಲಗು ನೀರಿಗಿಳಿಯಿತು, ಮುಳುಗುವಷ್ಟೇ.
ಕಾಲು ನೂಕಿತು, ಸೊಂಟದ ಬಿಜಾಗರಿ ತಿರುಗಿತು,
ದೋಣಿಯ ಅಡಿಯಿಂದ ಒಂದು ಸದ್ದು,
ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ.
ಹುಟ್ಟೆತ್ತಿ, ಅಲಗು ಮಗುಚಿ,
ಹಿಡಿಯನ್ನು ಮತ್ತೆ ಪಾದದ ಕಡೆ ಒಯ್ಯುವಾಗ
"ಅವಸರ ಬೇಡ, ದೋಣಿ ಓಡುವುದು ಈಗಲೇ" ಅಂದಳು.
ನಿಜ. ನಾನು ಏನೂ ಎಳೆಯದಿದ್ದಾಗ
ಸ್ವರ್ಣೆ ಎರಡೂ ಬದಿಗೆ ಸರಿಯುತ್ತಿತ್ತು.

ಹುಟ್ಟಿನಿಂದ ಬಂದ ಗೂನು ಅನ್ನುತ್ತಿದ್ದರು ಗಂಡನ ಮನೆಯಲ್ಲಿ.
ಹುಟ್ಟಿನಿಂದಲೇ ಹೋಯಿತು ಅಂತ ಸುಳ್ಳು ಹೇಳಲಾರೆ.
ರಾತ್ರಿ ಈಗಲೂ ನೋಯುತ್ತದೆ,
ನೋವು ಜಾಗ ಬದಲಿಸಿದೆ ಅಷ್ಟೆ.

ಈಗ ಮಂಗಳವಾರ, ಶುಕ್ರವಾರ ಒಬ್ಬಳೇ ದಾಟುತ್ತೇನೆ,
ಹೋಗುವಲ್ಲಿಗೆ ಬೆನ್ನು, ಕುದ್ರುವಿಗೆ ಮುಖ.
ನೀರಿನಿಂದ ನಮ್ಮ ಜಗಲಿ ಅಂಗೈಯಷ್ಟು ಕಾಣುತ್ತದೆ,
ಅದರಲ್ಲಿ ಬೇಬಿ, ನನ್ನ ಮಗಳು,
ಗೆರಸೆಯ ಮೇಲೆ ಒದ್ದೆ ಗೋಣಿಯ ಹಾಗೆ.
"ಸೊಂಟದಿಂದ ಬಗ್ಗೇ! ಸೊಂಟದಿಂದ!"
ಎದುರುಗಾಳಿ. ಕೇಳಿಸಲಿಕ್ಕಿಲ್ಲ.
ಹುಟ್ಟು ಬಿಟ್ಟು ಕೈ ಬೀಸುವ ಹಾಗೂ ಇಲ್ಲ.