ಬಿ ಗುಂಪು

ಹಾಸನದ ಆಯುರ್ವೇದ ಕಾಲೇಜು, ಮೂರನೇ ಮಹಡಿ. ಇವತ್ತು
ಲಕೋಟೆ ಒಡೆದೆವು. 'ಎ' ಅಂದರೆ ಶಲ್ಲಕಿ.
'ಬಿ' ಅಂದರೆ ಹುರಿದ ರಾಗಿಹಿಟ್ಟು, ಅರ್ಧ ಗ್ರಾಂ.

ದುದ್ದದ ಚಿಕ್ಕತಾಯಮ್ಮ 'ಬಿ'.
ಅರವತ್ತು ವರ್ಷ ಎರಡು ಹೊತ್ತೂ ಮುದ್ದೆ ನುಂಗಿದವಳು
ಕ್ಯಾಪ್ಸೂಲಿನ ಚಿಟಿಕೆ ರಾಗಿಗೆ
ಮಂಡಿನೋವು ಏಳರಿಂದ ಎರಡಕ್ಕೆ ಇಳಿಸಿದ್ದಾಳೆ.

"ಮೇಡಂ, ಇದನ್ನ ಯಾವ ಕಾಲಮ್ಮಿಗೆ ಹಾಕ್ಲಿ?"
ಕೇಳಿದವಳು ನೌಶೀನ್.
ಹನ್ನೆರಡು ವಾರ, ಮಂಗಳವಾರ ತಪ್ಪದೆ,
ಆ ಮಂಡಿ ಹಿಡಿದು, "ಈಗ ಹ್ಯಾಗಿದೆ ಅಜ್ಜಿ?" ಅಂದವಳೂ ಅವಳೇ.
ಅದಕ್ಕೆ ಕಾಲಮ್ಮಿಲ್ಲ.

ನಾಳೆ ಎರಡನೇ ವರ್ಷದವರಿಗೆ ಪಾಠ: ಪುರಾವೆ ಎಂದರೇನು.

ಬಾಗಿಲಲ್ಲಿ ಏದುಸಿರು. ಮೂರು ಮಹಡಿ ಹತ್ತಿ,
ಖಾಲಿ ಡಬ್ಬಿ ಚಾಚಿ:
"ಅದೇ ಔಸ್ತಿ ಇನ್ನೊಂದ್ ತಿಂಗ್ಳಿಗೆ ಕೊಡವ್ವ."

ಕುರ್ಚಿ ತೋರಿಸಿದೆ.
ಅವಳು ನೆಲದ ಮೇಲೆ
ಚಕ್ಕಳಮಕ್ಕಳ ಹಾಕಿ ಕೂತಳು.