ಪುರಿಗೆ ಎಷ್ಟು?

ಕುತೈಸಿಯ ಹಳೇ ಸೇತುವೆ ದಾಟಿದರೆ
ಗುಲಿಕೊಳ ಅಂಗಡಿ.
ನೆಲದಲ್ಲಿ ಹೂತ ಮಣ್ಣಿನ ಒಲೆ, ಬಾವಿಯ ಹಾಗೆ;
ಬಗ್ಗಿ ಅದರ ಗೋಡೆಗೆ ಹಿಟ್ಟು ಬಡಿಯುತ್ತಾಳೆ,
ದೋಣಿಯಾಗಿ ಮೇಲೆ ಬರುತ್ತದೆ ರೊಟ್ಟಿ.
ಅಲ್ಲಿ ಅದಕ್ಕೆ ಪುರಿ ಎನ್ನುತ್ತಾರೆ.
ನಮ್ಮಲ್ಲಿ ಪುರಿಯೆಂದರೆ ಗಾಳಿಗೆ ಹಾರುವ ಮಂಡಕ್ಕಿ.
ಪದ ಒಂದೇ, ತೂಕ ಬೇರೆ.

ಅಣ್ಣ ಓತಿಯಾ ಹಿಂದೊಮ್ಮೆ, ಯಾವುದೋ ಹುರುಪಿನಲ್ಲಿ,
ಆ ಪದವನ್ನೇ ಡೊಮೇನ್ ಮಾಡಿ ತನ್ನ ಹೆಸರಿಗೆ ಬರೆಸಿಕೊಂಡಿದ್ದ.
ವರ್ಷವರ್ಷ ಬಾಡಿಗೆ ಕಟ್ಟಿದ್ದೇ ಬಂತು;
ಒಳಗೆ ಒಂದು ಪುಟವೂ ಏಳಲಿಲ್ಲ.

ಇವತ್ತು ಬೆಲೆ ಕಟ್ಟಲು ಮಲ್ಖಾಜ್ ಬಂದಿದ್ದಾನೆ.
ಹಿಟ್ಟಿನ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು
ಬೆರಳು ಮಡಚುತ್ತಾನೆ:
ಚಿಕ್ಕದು. ಮಗುವೂ ತಪ್ಪಿಲ್ಲದೆ ಬರೆದೀತು.
ನಡುವೆ ಗೀಟಿಲ್ಲ, ಅಂಕಿಯಿಲ್ಲ.
ಹೋದ ವರ್ಷ ‘ಉಪ್ಪು’ ಹೋದದ್ದು ಹದಿನೆಂಟಕ್ಕೆ,
‘ಜೇನು’ ಇನ್ನೂ ಹಾಗೇ ಕೂತಿದೆ, ಕೇಳುವವರಿಲ್ಲ.
“ನಲವತ್ತು ಸಾವಿರ ಲಾರಿ ಅನ್ನು. ಮೂವತ್ತಕ್ಕೆ ಬಿಡು.”
ಲಾರಿ ಅಲ್ಲಿಯ ದುಡ್ಡು;
ಚಕ್ರವಿಲ್ಲದಿದ್ದರೂ ಓಡುತ್ತದೆ.

ಓತಿಯಾ ಆಗಲೇ ಮನಸ್ಸಿನಲ್ಲಿ ಕಾರು ಕೊಂಡಿದ್ದ.
ಗುಲಿಕೊ ಕೈಯ ಹಿಟ್ಟು ಕೊಡವಿ ಕೇಳಿದಳು:
“ಮಾರಿದ ಮೇಲೆ ಬಾಗಿಲ ಹಲಗೆಯಲ್ಲಿ ಬರೆದದ್ದು ಅಳಿಸಬೇಕಾ?”
“ಬೇಡಮ್ಮ, ಅದು ಬೇರೆ.”
“ಹೇಗೆ ಬೇರೆ?”

ಅಷ್ಟರಲ್ಲಿ ಕಿಟಕಿಗೆ ಯಾರೋ ಮುಖ ಚಾಚಿ “ಪುರಿ?” ಎಂದರು,
ಒಂದೂವರೆ ಲಾರಿ ಎಣಿಸಿಟ್ಟು ಹೋದರು.

ಮಲ್ಖಾಜ್ ಉತ್ತರ ಹೇಳಲಿಲ್ಲ.
ಬಿಸಿಯದು ಎರಡು ಕೊಂಡ. ತುದಿ ಮುರಿದು ಬಾಯಿಗಿಟ್ಟು
ಹೋಲಿಕೆಯ ಮಾರಾಟಗಳ ಪಟ್ಟಿಯ ಕೊನೆಗೆ ಬರೆದ:
ಇಂದು. ಇದೇ ಪದ. ಎರಡಕ್ಕೆ ಮೂರು ಲಾರಿ.