ಚೀಟಿಯ ಬೆನ್ನು

ರೀಗಾದ ಭಾನುವಾರದ ಸಂತೆಯಲ್ಲಿ ನನ್ನದೊಂದು ಮಡಚುವ ಮೇಜು.
ಚಿಮುಟ, ಭೂತಗನ್ನಡಿ, ಬೆಲೆ ಬರೆದಿಟ್ಟ ಲಕೋಟೆಗಳು.
ಮಗ್ಗುಲಲ್ಲಿ ಹಳೇ ಪದಕ ಮಾರುವ ಗುಂಟಿಸ್, ಅವನ ಕೆಮ್ಮು.
ಬಂದವರೆಲ್ಲ ಚೀಟಿಯ ಮುಖ ನೋಡುತ್ತಾರೆ:
ಬಣ್ಣ ಮಾಸಿಲ್ಲ ತಾನೆ, ಅಂಚಿನ ಹಲ್ಲು ಮುರಿದಿಲ್ಲ ತಾನೆ,
ಠಸ್ಸೆ ಮೂಗಿನ ಮೇಲೇ ಬಿದ್ದಿಲ್ಲ ತಾನೆ,
ಹೆಣ್ಣು ನೋಡಲು ಬಂದವರ ಹಾಗೆ.

ತಾಲಿವಾಲ್ಡಿಸ್ ಮಾತ್ರ ಕುರ್ಚಿ ಎಳೆದು ಕೂತು
"ತಿರುಗಿಸಮ್ಮ, ಬೆನ್ನು ನೋಡೋಣ" ಅನ್ನುತ್ತಾರೆ.

ಸಾವಿರದ ಒಂಬೈನೂರ ಹದಿನೆಂಟು, ಡಿಸೆಂಬರ್.
ದೇಶಕ್ಕೆ ಒಂದು ತಿಂಗಳು.
ಕೂಸಿಗೆ ಹೆಸರಿಟ್ಟಾಗಿತ್ತು, ಹೊದಿಸಲು ಬಟ್ಟೆಯಿರಲಿಲ್ಲ.
ಹುಡುಕಿದರೆ ಕಾಗದವಿಲ್ಲ. ಇದ್ದದ್ದು
ಜರ್ಮನ್ ಸೈನ್ಯದ ನಕಾಶೆಗಳ ಕಟ್ಟು,
ಒಂದೇ ಮಗ್ಗುಲು ಅಚ್ಚಾದದ್ದು.
ಖಾಲಿ ಮಗ್ಗುಲಿಗೆ ಕೆಂಪು ಸೂರ್ಯನನ್ನು ಒತ್ತಿದರು,
ಮೂರು ನಕ್ಷತ್ರ, ರೈ ತೆನೆ, ಐದು ಕೊಪೆಕ್.
ಬೆನ್ನಲ್ಲಿ ಉಳಿದೇ ಉಳಿಯಿತು
ಯಾರದೋ ಫಿರಂಗಿಗೆಂದು ಅಳೆದಿಟ್ಟ ಕಾಡು, ಜೌಗು, ಗಾಳಿಗಿರಣಿ,
ಹಳ್ಳ ದಾಟಬಹುದಾದ ಜಾಗ.
ಆ ಚಳಿಗಾಲ ಜನ ನೆಲವನ್ನು ಚೂರು ಚೂರಾಗಿ
ಲಕೋಟೆಗೆ ಅಂಟಿಸಿ ಕಳಿಸಿದರು
ಸಾಲ ಕೇಳಲು, ಸಾವು ತಿಳಿಸಲು.

ಆಮೇಲಿನದೆಲ್ಲ ನನ್ನ ಬೇರೆ ಡಬ್ಬಿಗಳಲ್ಲಿದೆ.
ಅರ್ಧಕ್ಕೆ ನಿಂತ ನೋಟುಗಳ ಹಿಂದೆ ಅಚ್ಚಾದವು.
ನಲವತ್ತೊಂದರಲ್ಲಿ, ಹೋದ ಸೈನ್ಯದ ಚೀಟಿಗೆ
ಬಂದ ಸೈನ್ಯ ಕಪ್ಪಗೆ ಒತ್ತಿದ ಹೆಸರು, ತಾರೀಖು.
ಮತ್ತೆ ತಿರುಗಿ ಬಂದ ಸೈನ್ಯದ ಟ್ರ್ಯಾಕ್ಟರು, ಗಗನಯಾತ್ರಿ,
ಬೆಳ್ಳಗೆ ನಗುವ ಹಾಲು ಕರೆಯುವವಳು.
ತೊಂಬತ್ತೊಂದರಲ್ಲಿ ಅವರದೇ ಚೀಟಿಯ ಮೇಲೆ ನಮ್ಮ ಹೆಸರು.
ಬರೆದು, ಅಳಿಸಿ, ಅಳಿಸಿದ್ದರ ಮೇಲೆ ಬರೆದು...
ಶಾಲೆಯ ಸ್ಲೇಟಿಗೂ ಇಷ್ಟು ಎಂಜಲು ಬಿದ್ದಿರಲಿಕ್ಕಿಲ್ಲ.

ಅವರಿಗೆ ಇದೊಂದೂ ಬೇಡ.
ಅವರು ಮನೆ ಹುಡುಕುತ್ತಿದ್ದಾರೆ.

ನಲವತ್ತೊಂಬತ್ತರ ಮಾರ್ಚಿಯಲ್ಲಿ ಒಂಬತ್ತರ ಹುಡುಗ
ಲಾರಿಯ ಹಿಂಬದಿಯಿಂದ ನೋಡಿದ್ದೇ ಕೊನೆ:
ಬಾವಿಯ ಏತ, ಅಂಗಳದಲ್ಲಿ ಕಟ್ಟದೇ ಬಿಟ್ಟ ಹಸು.
ಓಮ್ಸ್ಕಿನಿಂದ ಎಂಟು ವರ್ಷಕ್ಕೆ ತಿರುಗಿ ಬಂದರೆ
ಮನೆಯಿದ್ದಲ್ಲಿ ಸಾಮೂಹಿಕ ಬೇಸಾಯದ ಮುಸುಕಿನ ಜೋಳ,
ಬಾವಿಗೂ ಸುತ್ತು ಬಳಸದೆ, ನೇರ ಸಾಲು.
"ಸುಟ್ಟಿದ್ದರೆ ಬೂದಿಯಾದರೂ ಇರುತ್ತಿತ್ತು" ಅಂದಿದ್ದರು ಒಮ್ಮೆ,
ಅಷ್ಟರಲ್ಲಿ ಟ್ರಾಮ್ ಬಂತೆಂದು ಎದ್ದರು.

ಅವರ ಆಲ್ಬಮ್ಮಿನಲ್ಲಿ ಸೂರ್ಯರೆಲ್ಲ ಬೋರಲು.
ದಾರಿಗೆ ದಾರಿ, ಹಳ್ಳಕ್ಕೆ ಹಳ್ಳ ಕೂಡಿಸುತ್ತ ಕೂಡಿಸುತ್ತ
ಮೂವತ್ತು ವರ್ಷಕ್ಕೆ ಎರಡಂಗೈ ಅಗಲದ ನೆಲ.
ನಡುನಡುವೆ, ಇನ್ನೂ ಸಿಗದ ಬಿಳಿ.

ಹೋದ ವಾರ ಲಿಯೆಪಾಯದ ಮುದುಕಿಯೊಬ್ಬಳ ಬಿಸ್ಕತ್ತಿನ ಡಬ್ಬಿಯಲ್ಲಿ
ಒಂದು ಜೋಡಿ ಸಿಕ್ಕಿತು, ಇನ್ನೂ ಹರಿಯದ ಜೋಡಿ.
ಬೆನ್ನಲ್ಲಿ ಜರ್ಮನ್ ಅಕ್ಷರ, ಒಂದು ಹಳ್ಳಿಯ ಹಿಂಬಾಲ.
ಇವತ್ತು ಅವರ ಮುಂದಿಟ್ಟೆ. ಬೋರಲಾಗಿಯೇ ಇಟ್ಟೆ.

ಭೂತಗನ್ನಡಿ ಬಗ್ಗಿತು. ಗುಂಟಿಸ್ ಕೆಮ್ಮು ನುಂಗಿಕೊಂಡ.
"ಇದು ಗಿರಣಿ ದಾರಿ." ಉಗುರು ಸರಿಯಿತು.
"ಇದು ಬರ್ಚ್ ಮರಗಳ ತಿರುವು. ಇಲ್ಲಿಂದ ಬಲಕ್ಕೆ
ಕೂಗಳತೆ ದೂರ, ಇಲ್ಲಿ..."
ಉಗುರು ನಿಂತಿತು.
ಎರಡು ಚೀಟಿಗಳ ನಡುವೆ ಹರಿಯಲೆಂದು ಕೊರೆದ ತೂತುಗಳ ಸಾಲು.
ಅದರಲ್ಲೊಂದರ ಮೊಳೆ ಸರಿಯಾಗಿ ಅಲ್ಲಿಗೇ ಇಳಿದಿತ್ತು.
ಸಾಸಿವೆಯಷ್ಟು ಕಾಗದ. ಅಚ್ಚುಕೂಟದ ನೆಲದಿಂದ
ಅವರು ಹುಟ್ಟುವ ಮೊದಲೇ ಯಾರೋ ಗುಡಿಸಿ ಎಸೆದದ್ದು.

ನನಗೆ ಬಾಯಿ ಬರಲಿಲ್ಲ, ಬೆಲೆ ಹೇಳುವ ಬಾಯಿ.

ಅವರು ಜೋಡಿಯನ್ನು ಚಿಮುಟದಲ್ಲಿ ಎತ್ತಿ
ಬೆಳಕಿಗೆ ಹಿಡಿದರು, ಒಂದು ಕಣ್ಣು ಮುಚ್ಚಿ
ಆ ತೂತಿನೊಳಕ್ಕೆ ಬಗ್ಗಿ ನೋಡುವವರ ಹಾಗೆ
ಬಹಳ ಹೊತ್ತು ನೋಡಿ,
"ನೀರಿದೆ" ಅಂದರು.

ಆಮೇಲೆ ಕುರ್ಚಿ ಮುಂದಕ್ಕೆಳೆದು ಚೌಕಾಸಿಗೆ ಕೂತರು:
"ಹತ್ತು ಯೂರೋ ಜಾಸ್ತಿಯಾಯಿತು, ತಾಯಿ.
ತೂತು ಬೇರೆ ಇದೆ, ನೋಡು."